ಅಂಗಾಂಶದ ಕ್ಯಾಸೆಟ್ಟು ಮತ್ತು ಪೇಟೆಂಟ್ ಪರೀಕ್ಷಕರ ಆಕ್ಷೇಪಗಳು

ಓದುಗರ ಪ್ರಶ್ನೆ – ಅಂಕಣಕಾರರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಣ್ಣ ವಸ್ತುವನ್ನು ಕುರಿತವು. ರೋಗಶಾಸ್ತ್ರದ ಪ್ರಯೋಗಾಲಯಗಳಲ್ಲಿ ಅಂಗಾಂಶದ ತುಣುಕುಗಳನ್ನು ಇಡುವ ಕ್ಯಾಸೆಟ್ಟು ಅದು. ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ, ಮೂರಕ್ಕೆ ತುಸು ಕಡಿಮೆ ಅಗಲ, ಅರ್ಧ ಸೆಂಟಿಮೀಟರಿನ ಆಸುಪಾಸಿನ ಎತ್ತರವಿರುವ ಈ ಪ್ಲಾಸ್ಟಿಕ್ ಡಬ್ಬಿಯನ್ನು ನೋಡದವರಿಗಾಗಿ ಎರಡು ಮಾತು ಹೇಳಿ ಪ್ರಶ್ನೆಗಳಿಗೆ ಬರುತ್ತೇನೆ. ರೋಗಿಯ ದೇಹದಿಂದ ತೆಗೆದ ಅಂಗಾಂಶವನ್ನು ಫಾರ್ಮಲಿನ್‌ನಲ್ಲಿ ಸ್ಥಿರಗೊಳಿಸಿ, ತೆಳುವಾದ ತುಂಡು ಮಾಡಿ ಈ ಡಬ್ಬಿಯೊಳಗೆ ಇಟ್ಟು ಮುಚ್ಚುತ್ತಾರೆ. ಗೋಡೆಗಳಲ್ಲಿರುವ ಗಂಡಿಗಳ ಮೂಲಕ ಮೊದಲು ಹೆಚ್ಚುತ್ತ ಹೋಗುವ ಪ್ರಮಾಣದ ಆಲ್ಕೋಹಾಲ್, ಆಮೇಲೆ ಝೈಲೀನ್ ಎಂಬ ದ್ರಾವಕ, ಕೊನೆಗೆ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಪ್ಯಾರಾಫಿನ್ ಮೇಣ ಒಳಗೆ ಹರಿದು ಅಂಗಾಂಶದಲ್ಲಿ ಸೇರಿಕೊಳ್ಳುತ್ತವೆ. ಬಳಿಕ ತುಣುಕನ್ನು ಲೋಹದ ಅಚ್ಚಿನಲ್ಲಿ ಸರಿಯಾದ ದಿಕ್ಕಿಗೆ ಕೂರಿಸಿ, ಮೇಣ ಸುರಿದು, ಅದೇ ಕ್ಯಾಸೆಟ್ಟಿನ ತಳವನ್ನು ಮೇಲೆ ಒತ್ತಿ ತಣಿಸಿದರೆ ಬ್ಲಾಕ್ ಸಿದ್ಧ. ಮೈಕ್ರೋಟೋಮ್ ಯಂತ್ರ ಆ ತಳವನ್ನೇ ಹಿಡಿದುಕೊಂಡು 3ರಿಂದ 5 ಮೈಕ್ರೋಮೀಟರ್ ದಪ್ಪದ ಪದರಗಳನ್ನು ಕತ್ತರಿಸುತ್ತದೆ. ಅಂದರೆ ಒಂದೇ ಡಬ್ಬಿ ಸೋಸುವ ಬುಟ್ಟಿಯಾಗಿಯೂ, ಮೇಣಕ್ಕೆ ಆಧಾರವಾಗಿಯೂ, ಯಂತ್ರದ ಹಿಡಿಕೆಯಾಗಿಯೂ, ಓರೆಯಾದ ಮುಂಬದಿಯ ಮೇಲೆ ರೋಗಿಯ ಗುರುತಿನ ಸಂಖ್ಯೆಯನ್ನು ಹೊರುವ ಫಲಕವಾಗಿಯೂ ಕೆಲಸ ಮಾಡುತ್ತದೆ. ಇಷ್ಟು ಕೆಲಸಗಳು ಒಂದೆಡೆ ಸೇರಿರುವುದರಿಂದಲೇ ಇದನ್ನು ಸುಧಾರಿಸಲು ಹೊರಟವರೂ ಹೆಚ್ಚು, ಪೇಟೆಂಟ್ ಅರ್ಜಿಗಳನ್ನು ತೂಗಿ ನೋಡುವ ಪರೀಕ್ಷಕರ ಕೈಗೆ ಸಿಗುವ ಹಳೆಯ ದಾಖಲೆಗಳೂ ಹೆಚ್ಚು.

ಪ್ರಶ್ನೆ: ನಾನು ರೋಗಶಾಸ್ತ್ರ ಪ್ರಯೋಗಾಲಯವೊಂದರಲ್ಲಿ ತಂತ್ರಜ್ಞೆ. ಸೂಜಿಯಿಂದ ತೆಗೆದ ಸಣ್ಣ ಬಯಾಪ್ಸಿ ತುಣುಕುಗಳು ತೇಲಿಹೋಗದಂತೆ ಅವುಗಳನ್ನು ಸ್ಪಂಜಿನ ಹಾಳೆಗಳ ನಡುವೆ ಇಡುವುದು ರೂಢಿ. ಸ್ಪಂಜಿನ ಬದಲು ಮುಚ್ಚಳದ ಒಳಬದಿಯಲ್ಲೇ ಬಾಗುವ ಸಣ್ಣ ಬೆರಳುಗಳಂಥ ಚಾಚುಗಳನ್ನು ಇಟ್ಟು ಕ್ಯಾಸೆಟ್ಟೊಂದನ್ನು ರೂಪಿಸಿ ಪೇಟೆಂಟಿಗೆ ಅರ್ಜಿ ಹಾಕಿದೆ. ನನ್ನ ಮೊದಲ ಹಕ್ಕುಕೋರಿಕೆ, ಅಂದರೆ ಯಾವುದರ ಮೇಲೆ ಹಕ್ಕು ಬೇಕೆಂದು ಹೇಳುವ ವಾಕ್ಯ, ಹೀಗಿದೆ: 'ಅಂಗಾಂಶದ ಮಾದರಿಯನ್ನು ಹಿಡಿದಿಡುವ ಕ್ಯಾಸೆಟ್ಟು, ಇದು ಗಂಡಿಗಳಿರುವ ತಳ, ಗಂಡಿಗಳಿರುವ ಮುಚ್ಚಳ, ಅವೆರಡನ್ನು ಜೋಡಿಸುವ ಕೀಲು, ಮತ್ತು ಮುಚ್ಚಳದ ಒಳಬದಿಯಲ್ಲಿದ್ದು ಮಾದರಿಯನ್ನು ತಳಕ್ಕೆ ಮೃದುವಾಗಿ ಒತ್ತಿ ಹಿಡಿಯುವ ಭಾಗ ಇವುಗಳನ್ನು ಒಳಗೊಂಡಿದೆ.' ಇದರಲ್ಲಿ ಹೊಸತನವಿಲ್ಲ, ಚಾಚುಗಳನ್ನು ಹೇಳುವ ಎರಡನೆಯ ಕೋರಿಕೆಯಲ್ಲಿ ಆವಿಷ್ಕಾರದ ಹೆಜ್ಜೆ (ನುರಿತವರಿಗೆ ಸಹಜವಾಗಿ ಹೊಳೆಯದ ಮುನ್ನಡೆ) ಇಲ್ಲ, 'ಮೃದುವಾಗಿ' ಎಂಬ ಪದ ಅಸ್ಪಷ್ಟ ಎಂದು ಮೊದಲ ಪರೀಕ್ಷಾ ವರದಿ ಬಂದಿದೆ. ಇಂಥ ಕ್ಯಾಸೆಟ್ಟನ್ನು ನಾನು ಎಲ್ಲಿಯೂ ಕಂಡಿಲ್ಲ. ಅದು ಹೊಸದಲ್ಲ ಎನ್ನುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಏಕೆಂದರೆ ಇದರಲ್ಲಿ ಒಳ್ಳೆಯ ಆವಿಷ್ಕಾರವಿದೆ ಎಂದೇ ನನಗೆ ತೋರುತ್ತದೆ. ಆದರೆ ಪರೀಕ್ಷಕರು ನಿಮ್ಮ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು ನೋಡಿಲ್ಲ. ಅವರು ತೂಗಿ ನೋಡಿದ್ದು ನೀವು ಬರೆದ ವಾಕ್ಯವನ್ನು. ಪೇಟೆಂಟಿನಿಂದ ದೊರೆಯುವ ಹಕ್ಕು ಆ ವಾಕ್ಯದ ವ್ಯಾಪ್ತಿಯಷ್ಟೇ ಇರುತ್ತದೆ. ಹಾಗಾಗಿ ಆ ವ್ಯಾಪ್ತಿಯೊಳಗೆ ಅರ್ಜಿಯ ದಿನಕ್ಕಿಂತ ಮೊದಲೇ ಜನರಿಗೆ ತಿಳಿದಿದ್ದ ಯಾವುದಾದರೊಂದು ವಸ್ತು ಬಂದು ಕೂತರೂ ಹೊಸತನ ಹೋಯಿತು.

ವರದಿಯೊಂದಿಗೆ ಕಳಿಸಿರುವ ಮೊದಲ ದಾಖಲೆಯಲ್ಲಿ ಕೀಲಿನ ಮುಚ್ಚಳವಿರುವ ಹಳೆಯ ಕ್ಯಾಸೆಟ್ಟಿದೆ, ಮುಚ್ಚಳದ ಒಳಬದಿಗೆ ತೆಳುವಾದ ಸ್ಪಂಜನ್ನು ಅಂಟಿಸಿದ್ದಾರೆ ಎಂದು ನೀವೇ ಬರೆದಿದ್ದೀರಿ. ಈಗ ನಿಮ್ಮ ವಾಕ್ಯವನ್ನು ಅದರ ಪಕ್ಕದಲ್ಲಿಟ್ಟು ಒಂದೊಂದೇ ಅಂಗವನ್ನು ಹೋಲಿಸಿ ನೋಡಿ. ಗಂಡಿಗಳಿರುವ ತಳ ಅಲ್ಲಿದೆ, ಗಂಡಿಗಳಿರುವ ಮುಚ್ಚಳ ಅಲ್ಲಿದೆ, ಕೀಲೂ ಇದೆ. 'ಮಾದರಿಯನ್ನು ಮೃದುವಾಗಿ ಒತ್ತಿ ಹಿಡಿಯುವ ಭಾಗ' ಎಂದರೆ ಸ್ಪಂಜೂ ಆಗಬಹುದಲ್ಲವೇ? ನೀವು ಸ್ಪಂಜನ್ನು ತೊಡೆದುಹಾಕಲೆಂದೇ ಇಷ್ಟು ಶ್ರಮಪಟ್ಟಿರಿ, ನಿಮ್ಮ ವಾಕ್ಯ ಮಾತ್ರ ಸ್ಪಂಜನ್ನು ಒಳಗೆ ಬಿಟ್ಟುಕೊಂಡಿತು. ಹಕ್ಕನ್ನು ಆದಷ್ಟು ಅಗಲವಾಗಿ ಕೇಳಬೇಕೆಂಬ ಆಸೆಯಿಂದ ಭಾಗದ ಹೆಸರನ್ನು ಬಿಟ್ಟು ಅದರ ಕೆಲಸವನ್ನು ಮಾತ್ರ ಹೇಳಿದಾಗ ಹೀಗಾಗುವುದು ಸಾಮಾನ್ಯ. ಇದು ನಿಮ್ಮ ಕ್ಯಾಸೆಟ್ಟಿನ ಸೋಲಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ.

ಇನ್ನು ಎರಡನೆಯ ಆಕ್ಷೇಪ, ನಿಜವಾದ ಚರ್ಚೆ ನಡೆಯಬೇಕಾದದ್ದು ಇಲ್ಲಿ. ಬಾಗುವ ಚಾಚುಗಳು ಮೊದಲ ದಾಖಲೆಯಲ್ಲಿ ಇಲ್ಲ ಎಂದು ಪರೀಕ್ಷಕರೇ ಒಪ್ಪಿದ್ದಾರೆ. ಆದರೆ ಎರಡನೆಯ ದಾಖಲೆಯೊಂದರಲ್ಲಿ ಸೂಕ್ಷ್ಮವಾದ ವಿದ್ಯುನ್ಮಾನ ಬಿಡಿಭಾಗಗಳನ್ನು ಸಾಗಿಸುವ ಪೆಟ್ಟಿಗೆಯ ಮುಚ್ಚಳಕ್ಕೆ ಇಂಥ ಚಾಚುಗಳಿವೆ, ಕ್ಯಾಸೆಟ್ಟುಗಳಲ್ಲಿ ನುರಿತವರಿಗೆ ಸ್ಪಂಜನ್ನು ತೆಗೆದು ಇವನ್ನು ಹಾಕುವುದು ಸಹಜವಾಗಿ ಹೊಳೆಯುತ್ತಿತ್ತು ಎಂಬುದು ಅವರ ವಾದ. ಯುರೋಪಿಯನ್ ಪೇಟೆಂಟ್ ಕಚೇರಿ ಈ ಪ್ರಶ್ನೆಯನ್ನು ಒಂದು ಕ್ರಮದಲ್ಲಿ ಬಿಡಿಸುತ್ತದೆ: ಅತ್ಯಂತ ಹತ್ತಿರದ ಹಳೆಯ ವಸ್ತು ಯಾವುದು, ಅದಕ್ಕೂ ಇದಕ್ಕೂ ಇರುವ ವ್ಯತ್ಯಾಸವೇನು, ಆ ವ್ಯತ್ಯಾಸದಿಂದ ದೊರೆಯುವ ತಾಂತ್ರಿಕ ಪರಿಣಾಮವೇನು, ಆ ಪರಿಣಾಮವನ್ನು ಪಡೆಯಲು ಹೊರಟ ನುರಿತ ವ್ಯಕ್ತಿ ಇದೇ ದಾರಿ ಹಿಡಿಯುತ್ತಿದ್ದನೇ. 'ಹಿಡಿಯಬಹುದಿತ್ತು' ಎಂದರೆ ಸಾಲದು, 'ಹಿಡಿಯುತ್ತಿದ್ದ' ಎಂದು ತೋರಿಸಬೇಕು. ಅಮೆರಿಕದಲ್ಲಿ ಸುಪ್ರೀಂ ಕೋರ್ಟು 1966ರಲ್ಲಿ ಗ್ರಹಾಂ ವಿರುದ್ಧ ಜಾನ್ ಡೀರ್ ಮೊಕದ್ದಮೆಯಲ್ಲಿ ಹಾಕಿಕೊಟ್ಟ ವಿಚಾರಣೆಯ ಕ್ರಮ ಇಂದಿಗೂ ಆಧಾರವಾಗಿದೆ. 2007ರಲ್ಲಿ ವಾಹನದ ಆಕ್ಸಿಲರೇಟರ್ ಪೆಡಲನ್ನು ಕುರಿತ ಕೆಎಸ್ಆರ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಪರಿಚಿತ ಭಾಗಗಳನ್ನು ಜೋಡಿಸಿ ನಿರೀಕ್ಷಿತ ಫಲವನ್ನಷ್ಟೇ ಪಡೆದರೆ ಅದು ಆವಿಷ್ಕಾರವಾಗುವುದು ಕಷ್ಟ ಎಂದು ಹೇಳಿತು. ನಿಮ್ಮ ಉತ್ತರದ ತಿರುಳು 'ನಿರೀಕ್ಷಿತ' ಎಂಬ ಆ ಒಂದು ಮಾತಿನಲ್ಲಿದೆ.

ಸ್ಪಂಜಿನ ತೊಂದರೆ ಏನೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸ್ಪಂಜಿನ ಎಳೆಗಳು ಒತ್ತಿದ ಕಡೆ ಅಂಗಾಂಶದಲ್ಲಿ ತ್ರಿಕೋನಾಕಾರದ ಖಾಲಿ ಜಾಗಗಳು ಉಂಟಾಗಿ, ಸೂಕ್ಷ್ಮದರ್ಶಕದ ಕೆಳಗೆ ಅವು ಅಂಗಾಂಶದ್ದೇ ರಚನೆಯೇನೋ ಎಂಬ ಗೊಂದಲ ಹುಟ್ಟಿಸುತ್ತವೆ. ಸ್ಪಂಜು ಒಂದು ದ್ರಾವಣವನ್ನು ಹೀರಿಕೊಂಡು ಮುಂದಿನ ದ್ರಾವಣಕ್ಕೆ ಹೊತ್ತೊಯ್ಯುತ್ತದೆ ಎಂಬ ದೂರೂ ಹಳೆಯದೇ. ವಿದ್ಯುನ್ಮಾನ ಬಿಡಿಭಾಗದ ಪೆಟ್ಟಿಗೆಯಲ್ಲಿ ಈ ಎರಡು ತೊಂದರೆಗಳೂ ಇಲ್ಲ. ಅಲ್ಲಿ ದ್ರವ ಹರಿಯಬೇಕಾಗಿಲ್ಲ, ಹಿಡಿದ ವಸ್ತುವಿನ ಮೇಲೆ ಗುರುತು ಬಿದ್ದರೆ ರೋಗನಿರ್ಣಯ ತಪ್ಪುವ ಭಯವಿಲ್ಲ, ಹಿಡಿಯಬೇಕಾದ ವಸ್ತುಗಳು ಎಲ್ಲವೂ ಒಂದೇ ಅಳತೆಯವು. ನಿಮ್ಮ ಕ್ಯಾಸೆಟ್ಟಿನಲ್ಲಾದರೋ ಒಂದು ಮಿಲಿಮೀಟರಿನ ತುಣುಕೂ ಮೂರು ಮಿಲಿಮೀಟರಿನ ತುಣುಕೂ ಅಕ್ಕಪಕ್ಕದಲ್ಲಿರುತ್ತವೆ, ಪ್ರತಿಯೊಂದು ಚಾಚೂ ತನ್ನ ಕೆಳಗೆ ಸಿಕ್ಕಿದ್ದಕ್ಕೆ ತಕ್ಕಷ್ಟು ಬಾಗುತ್ತದೆ, ಚಾಚುಗಳ ನಡುವಿನ ಜಾಗದಲ್ಲಿ ದ್ರವ ತಡೆಯಿಲ್ಲದೆ ಓಡಾಡುತ್ತದೆ. ಈ ವ್ಯತ್ಯಾಸವನ್ನು ಮಾತಿನಲ್ಲಿ ಹೇಳುವುದರ ಜೊತೆಗೆ, ಒಂದೇ ಮಾದರಿಯ ತುಣುಕುಗಳನ್ನು ಸ್ಪಂಜಿನಲ್ಲೂ ನಿಮ್ಮ ಕ್ಯಾಸೆಟ್ಟಿನಲ್ಲೂ ಸಂಸ್ಕರಿಸಿ ತೆಗೆದ ಪದರಗಳ ಚಿತ್ರಗಳನ್ನು ಪ್ರಮಾಣ ಮಾಡಿ ಬರೆದ ಹೇಳಿಕೆಯ ಜೊತೆ ಸಲ್ಲಿಸಿ. ಎರಡು ದಾಖಲೆಗಳನ್ನು ಮೇಜಿನ ಮೇಲೆ ಜೋಡಿಸಿದ ಪರೀಕ್ಷಕರಿಗೆ ಆ ಜೋಡಣೆಯಿಂದ ನಿರೀಕ್ಷಿಸಲಾಗದ ಫಲವನ್ನು ಕಣ್ಣಾರೆ ತೋರಿಸುವುದಕ್ಕಿಂತ ಬಲವಾದ ಉತ್ತರ ಬೇರೆ ಇಲ್ಲ ಎಂದು ನನ್ನ ಅಭಿಪ್ರಾಯ.

ಹಾಗಾದರೆ ಕೋರಿಕೆಯನ್ನು ತಿದ್ದುವುದು ಹೇಗೆ? 'ಒತ್ತಿ ಹಿಡಿಯುವ ಭಾಗ' ಎಂಬುದನ್ನು ಬಿಟ್ಟು, 'ಮುಚ್ಚಳದ ಒಳಬದಿಯಿಂದ ತಳದ ಕಡೆಗೆ ಚಾಚಿಕೊಂಡಿದ್ದು, ಒಂದರಿಂದೊಂದು ಬಿಡಿಯಾಗಿ ಬಾಗಬಲ್ಲ ಹಲವು ಚಾಚುಗಳು, ದ್ರವ ಹರಿಯುವಂತೆ ಅವುಗಳ ನಡುವೆ ಬಿಟ್ಟಿರುವ ತೆರಪು' ಎಂಬ ಧಾಟಿಯಲ್ಲಿ ಬರೆಯಬಹುದು. 'ಮೃದುವಾಗಿ' ಎಂಬ ಪದ ಆಗ ತಾನಾಗಿಯೇ ಉದುರಿಹೋಗುತ್ತದೆ. ಎಷ್ಟು ಮೃದು ಎಂದು ಅಳೆಯುವ ಬಗೆ ಅರ್ಜಿಯ ವಿವರಣೆಯಲ್ಲಿ ಇಲ್ಲದಿದ್ದರೆ ಅದನ್ನು ಉಳಿಸಿಕೊಳ್ಳಲು ಹೋರಾಡಬೇಡಿ. ಆದರೆ ಒಂದು ಎಚ್ಚರಿಕೆ ಅಗತ್ಯ. ನೀವು ಈಗ ಸೇರಿಸುವ ಪ್ರತಿಯೊಂದು ಅಂಶಕ್ಕೂ ಮೊದಲು ಸಲ್ಲಿಸಿದ ಅರ್ಜಿಯಲ್ಲಿ ಆಧಾರವಿರಬೇಕು. ಯುರೋಪಿಯನ್ ಪೇಟೆಂಟ್ ಒಪ್ಪಂದದ 123ನೆಯ ವಿಧಿಯ 2ನೆಯ ಭಾಗ ಇದನ್ನು ಬಹಳ ಕಟ್ಟುನಿಟ್ಟಾಗಿ ಹೇಳುತ್ತದೆ. ಅಮೆರಿಕದ ಕಾನೂನೂ ಹೊಸ ವಿಷಯವನ್ನು ಆಮೇಲೆ ತುರುಕಲು ಬಿಡುವುದಿಲ್ಲ. ಚಾಚುಗಳು ಬಿಡಿಬಿಡಿಯಾಗಿ ಬಾಗುತ್ತವೆ ಎಂಬ ಮಾತು ನಿಮ್ಮ ವಿವರಣೆಯಲ್ಲಿ ಇದೆಯೇ, ಇಲ್ಲದಿದ್ದರೆ ಯಾವುದಾದರೂ ಚಿತ್ರದಲ್ಲಿ ಅದು ಸಂಶಯಕ್ಕೆ ಎಡೆಯಿಲ್ಲದಂತೆ ಕಾಣುತ್ತದೆಯೇ ಎಂದು ಇವತ್ತೇ ತೆರೆದು ನೋಡಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಹಿಂದೊಮ್ಮೆ ನಾನು ಕರಡು ತಿದ್ದಿದ ಅರ್ಜಿಯೊಂದರಲ್ಲಿ ಡಬ್ಬಿಯ ಹೊರನೋಟದ ಆರು ಚಿತ್ರಗಳಿದ್ದವು, ಮುಚ್ಚಳವನ್ನು ತೆರೆದು ಒಳಬದಿ ತೋರಿಸುವ ಒಂದು ಚಿತ್ರವೂ ಇರಲಿಲ್ಲ. ಒಳಬದಿಯ ಅಂಚಿನಲ್ಲಿದ್ದ ಒಂದು ಸಣ್ಣ ತೋಡೇ ಆ ಆವಿಷ್ಕಾರದ ಜೀವ ಎಂದು ಪರೀಕ್ಷಾ ವರದಿ ಬಂದ ಮೇಲೆ ನಮಗೆಲ್ಲ ಅರಿವಾಯಿತು. ಅಷ್ಟು ಹೊತ್ತಿಗೆ ಅದನ್ನು ಸೇರಿಸುವ ದಾರಿ ಮುಚ್ಚಿತ್ತು. ಆ ಅರ್ಜಿಯನ್ನು ಕೈಬಿಡಬೇಕಾಯಿತು, ಆ ನೋವು ನನ್ನಲ್ಲಿ ಇನ್ನೂ ಇದೆ.

ಪ್ರಶ್ನೆ: ಪರೀಕ್ಷಕರು ಇಷ್ಟು ಹಳೆಯ ದಾಖಲೆಗಳನ್ನು ಎಲ್ಲಿಂದ ಹುಡುಕುತ್ತಾರೆ? ಹುಡುಕಾಟದ ವರದಿಯಲ್ಲಿ ದಾಖಲೆಗಳ ಮುಂದೆ ಎಕ್ಸ್, ವೈ, ಎ ಎಂದು ಬರೆದಿರುವುದರ ಅರ್ಥವೇನು?

ಉತ್ತರ: ಪ್ರತಿಯೊಂದು ಪೇಟೆಂಟ್ ದಾಖಲೆಗೂ ವಿಷಯಕ್ಕನುಗುಣವಾದ ವರ್ಗೀಕರಣದ ಸಂಕೇತವಿರುತ್ತದೆ. ಅಂಗಾಂಶದ ಕ್ಯಾಸೆಟ್ಟುಗಳು ಮುಖ್ಯವಾಗಿ ಜಿ01ಎನ್ 1 ಎಂಬ ಗುಂಪಿನಲ್ಲಿ, ಅಂದರೆ ವಿಶ್ಲೇಷಣೆಗಾಗಿ ಮಾದರಿಗಳನ್ನು ಸಂಗ್ರಹಿಸಿ ಸಿದ್ಧಪಡಿಸುವ ವರ್ಗದಲ್ಲಿ ಸಿಗುತ್ತವೆ. ಅದರಲ್ಲೂ 1/36 ಎಂಬುದು ಮಾದರಿಯನ್ನು ಮೇಣದಂಥ ವಸ್ತುವಿನಲ್ಲಿ ಹುದುಗಿಸುವುದಕ್ಕೆ ಮೀಸಲು. ಯುರೋಪ್ ಮತ್ತು ಅಮೆರಿಕದ ಕಚೇರಿಗಳು ಜೊತೆಯಾಗಿ ಬಳಸುವ ವರ್ಗೀಕರಣದಲ್ಲಿ ಅಂಗಾಂಶಕ್ಕಾಗಿ ಇರುವ ಬುಟ್ಟಿಯಂಥ ಧಾರಕಗಳಿಗೇ ಬೇರೆ ಸಂಕೇತವಿದೆ. ಪ್ರಯೋಗಾಲಯದ ಪಾತ್ರೆಗಳ ಬಿ01ಎಲ್ ವರ್ಗವನ್ನೂ ತೆರೆದು ನೋಡುತ್ತಾರೆ. ಅಮೆರಿಕದ ಜೇಮ್ಸ್ ಮೆಕಾರ್ಮಿಕ್ ಅವರಿಗೆ ಅಂಗಾಂಶವನ್ನು ಹುದುಗಿಸುವ ಉಪಕರಣಕ್ಕಾಗಿ 1961ರಲ್ಲೇ ಪೇಟೆಂಟ್ ದೊರೆತಿತ್ತು. ಅಲ್ಲಿಂದೀಚೆಗೆ ಕೀಲು, ಕೊಕ್ಕೆ, ಗಂಡಿಯ ಆಕಾರ, ಮುಂಬದಿಯ ಓರೆ, ಮುಚ್ಚಳ ಮುರಿದು ತೆಗೆಯುವ ಬಗೆ, ಕ್ಯಾಸೆಟ್ಟಿನ ಸಮೇತ ಮೈಕ್ರೋಟೋಮ್‌ನಲ್ಲಿ ಕತ್ತರಿಸಬಹುದಾದ ರಚನೆ ಹೀಗೆ ಪ್ರತಿಯೊಂದರ ಬಗೆಗೂ ದಾಖಲೆಗಳು ಬೆಳೆದಿವೆ. ಅವಧಿ ಮುಗಿದ ಪೇಟೆಂಟೂ, ಕೈಬಿಟ್ಟ ಅರ್ಜಿಯೂ, ಹಳೆಯ ಮಾರಾಟದ ಕ್ಯಾಟಲಾಗೂ ಹೊಸತನವನ್ನು ಅಳೆಯಲು ಸಮಾನವಾಗಿ ಉಪಯೋಗಕ್ಕೆ ಬರುತ್ತವೆ.

ಅಕ್ಷರಗಳ ವಿಚಾರ ಸರಳ. ಎಕ್ಸ್ ಎಂದರೆ ಆ ದಾಖಲೆ ಒಂದೇ ಸಾಕು, ಕೋರಿಕೆಯನ್ನು ಕೆಡವಬಲ್ಲದು ಎಂದು ಪರೀಕ್ಷಕರ ಅಭಿಪ್ರಾಯ. ವೈ ಎಂದರೆ ಇನ್ನೊಂದು ದಾಖಲೆಯ ಜೊತೆ ಸೇರಿದಾಗ ಕೆಡವಬಲ್ಲದು. ಎ ಎಂದರೆ ಹಿನ್ನೆಲೆಯ ತಿಳಿವಳಿಕೆಗೆ ಮಾತ್ರ. ಅರ್ಜಿದಾರರು ಎಕ್ಸ್ ಕಂಡ ಕೂಡಲೇ ಎದೆಗುಂದುವುದನ್ನು ನೋಡಿದ್ದೇನೆ. ಆ ದಾಖಲೆಯನ್ನು ಪೂರ್ತಿ ಓದಿ, ಚಿತ್ರಗಳನ್ನು ನಿಮ್ಮ ಕೋರಿಕೆಯ ಒಂದೊಂದು ಪದದ ಜೊತೆ ಹೋಲಿಸಿ ನೋಡುವವರೆಗೆ ತೀರ್ಮಾನಕ್ಕೆ ಬರಬೇಡಿ. ಹೊಸತನದ ಆಕ್ಷೇಪ ನಿಲ್ಲಬೇಕಾದರೆ ಕೋರಿಕೆಯ ಎಲ್ಲ ಅಂಶಗಳೂ ಆ ಒಂದೇ ದಾಖಲೆಯಲ್ಲಿ, ಅದೇ ಜೋಡಣೆಯಲ್ಲಿ ಇರಬೇಕು. ಒಂದೇ ಒಂದು ಅಂಶ ಇಲ್ಲದಿದ್ದರೂ ಆಕ್ಷೇಪ ಬೀಳುತ್ತದೆ.

ಪ್ರಶ್ನೆ: ನನ್ನ ಕ್ಯಾಸೆಟ್ಟಿನ ಅರ್ಜಿಗೆ ಎದುರಾಗಿ ಪರೀಕ್ಷಕರು ಸಣ್ಣ ಬೀಜಗಳನ್ನು ತೊಳೆಯುವ ಜಾಲರಿ ಡಬ್ಬಿಯೊಂದನ್ನು ತೋರಿಸಿದ್ದಾರೆ. ಅದರಲ್ಲಿ ಅಂಗಾಂಶದ ಮಾತೇ ಇಲ್ಲ. ಇದು ನ್ಯಾಯವೇ?

ಉತ್ತರ: ಕೋರಿಕೆ ವಸ್ತುವನ್ನು ಕುರಿತದ್ದಾದರೆ, 'ಅಂಗಾಂಶಕ್ಕಾಗಿ' ಎಂಬ ಉದ್ದೇಶದ ಮಾತು ಆ ವಸ್ತುವಿನ ರಚನೆಯನ್ನು ಎಷ್ಟರ ಮಟ್ಟಿಗೆ ಬದಲಿಸುತ್ತದೆಯೋ ಅಷ್ಟಕ್ಕೆ ಮಾತ್ರ ಬೆಲೆ. ಬೀಜದ ಡಬ್ಬಿ ನಿಮ್ಮ ವಾಕ್ಯದ ಎಲ್ಲ ಅಂಗಗಳನ್ನೂ ಹೊಂದಿದ್ದು, ಅಂಗಾಂಶವನ್ನು ಇಡಲು ತಕ್ಕುದಾಗಿದ್ದರೆ, ಅದನ್ನು ಮಾಡಿದವರ ಮನಸ್ಸಿನಲ್ಲಿ ಬೀಜವಿತ್ತೋ ಅಂಗಾಂಶವಿತ್ತೋ ಎಂಬುದು ಮುಖ್ಯವಲ್ಲ. ಕೇಳಲು ಕಠಿಣವೆನಿಸಿದರೂ ಈ ನಿಯಮ ಸರಿಯಾದದ್ದೇ. ಇಲ್ಲದಿದ್ದರೆ ಹಳೆಯ ವಸ್ತುವಿಗೆ ಹೊಸ ಹೆಸರಿಟ್ಟು ಇನ್ನೊಬ್ಬರ ಕೈಯಿಂದ ಕಿತ್ತುಕೊಳ್ಳಲು ಸಾಧ್ಯವಾಗುತ್ತಿತ್ತು.

ಆದರೆ 'ತಕ್ಕುದಾಗಿದ್ದರೆ' ಎಂಬ ಷರತ್ತು ನಿಮ್ಮ ಕೈ ಹಿಡಿಯಬಹುದು. ಯುರೋಪಿಯನ್ ಪೇಟೆಂಟ್ ಕಚೇರಿಯ ಮಾರ್ಗಸೂಚಿಯಲ್ಲಿ ಇದಕ್ಕೆ ಒಂದು ಉದಾಹರಣೆ ಇದೆ. 'ಕರಗಿದ ಉಕ್ಕಿಗಾಗಿ ಅಚ್ಚು' ಎಂದು ಕೋರಿಕೆಯಿದ್ದರೆ, ಮಂಜುಗಡ್ಡೆ ಮಾಡುವ ಪ್ಲಾಸ್ಟಿಕ್ ತಟ್ಟೆ ಆಕಾರದಲ್ಲಿ ಹೋಲುತ್ತಿದ್ದರೂ ಅದರ ವ್ಯಾಪ್ತಿಗೆ ಬರುವುದಿಲ್ಲ, ಏಕೆಂದರೆ ಉಕ್ಕಿನ ಶಾಖಕ್ಕೆ ಆ ತಟ್ಟೆ ಉಳಿಯುವುದಿಲ್ಲ. ನಿಮ್ಮ ವಿಷಯದಲ್ಲಿ ಬೀಜದ ಡಬ್ಬಿ ಯಾವ ಪ್ಲಾಸ್ಟಿಕ್ಕಿನದು ಎಂದು ನೋಡಿ. ಪಾಲಿಸ್ಟೈರೀನ್‌ನಂಥ ಪ್ಲಾಸ್ಟಿಕ್ಕನ್ನು ಝೈಲೀನ್ ಕರಗಿಸಿಬಿಡುತ್ತದೆ. 'ಝೈಲೀನ್ ಮತ್ತು 60 ಡಿಗ್ರಿಯ ಮೇಣವನ್ನು ತಾಳಬಲ್ಲ ವಸ್ತುವಿನಿಂದ ಮಾಡಿದ' ಎಂಬ ಮಾತಿಗೆ ನಿಮ್ಮ ವಿವರಣೆಯಲ್ಲಿ ಆಧಾರವಿದ್ದರೆ, ಅಥವಾ ಮೈಕ್ರೋಟೋಮ್ ಹಿಡಿಕೆಗೆ ಕೂರುವ ಅಂಚಿನ ರಚನೆಯನ್ನು ನೀವು ಬರೆದಿದ್ದರೆ, ಅದನ್ನು ಕೋರಿಕೆಗೆ ತನ್ನಿ. ಬೀಜದ ಡಬ್ಬಿ ಅಲ್ಲಿಗೆ ಹಿಂದೆ ಸರಿಯುತ್ತದೆ.

ಪ್ರಶ್ನೆ: ಹಳೆಯ ಕ್ಯಾಸೆಟ್ಟನ್ನೇ ಹೊಸ ಪ್ಲಾಸ್ಟಿಕ್ಕಿನಲ್ಲಿ ಮಾಡಿದರೆ ಪೇಟೆಂಟ್ ಸಿಗುತ್ತದೆಯೇ? ಮುಂಬದಿಯ ಓರೆಯನ್ನು 45 ಡಿಗ್ರಿಯಿಂದ 40ಕ್ಕೆ ಬದಲಿಸಿದರೆ?

ಉತ್ತರ: ಸಾಮಾನ್ಯವಾಗಿ ಎರಡಕ್ಕೂ ಉತ್ತರ 'ಇಲ್ಲ' ಎಂಬುದೇ. ಈಗಿನ ಕ್ಯಾಸೆಟ್ಟುಗಳಲ್ಲಿ ಹೆಚ್ಚಿನವನ್ನು ಅಸಿಟಾಲ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ, ಏಕೆಂದರೆ ಅದು ದ್ರಾವಕಗಳನ್ನು ತಾಳುತ್ತದೆ, ಅಚ್ಚಿನಲ್ಲಿ ಚೊಕ್ಕವಾಗಿ ಬರುತ್ತದೆ. ಗುಣಗಳು ಮೊದಲೇ ಗೊತ್ತಿರುವ ಇನ್ನೊಂದು ವಸ್ತುವನ್ನು ಆ ಗುಣಗಳಿಗಾಗಿಯೇ ಆರಿಸಿಕೊಳ್ಳುವುದು ಆವಿಷ್ಕಾರವಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1945ರಷ್ಟು ಹಿಂದೆಯೇ, ಮುದ್ರಣದ ಶಾಯಿಯ ಮೊಕದ್ದಮೆಯೊಂದರಲ್ಲಿ ಹೇಳಿದೆ. ಹೊಸ ವಸ್ತುವಿನಿಂದ ಯಾರೂ ಊಹಿಸದ ಫಲ ಬಂದರೆ ಮಾತು ಬೇರೆ. ಅಂಗಾಂಶದ ಜೊತೆ ತಾನೂ ಮೈಕ್ರೋಟೋಮ್ ಅಲಗಿಗೆ ಸಲೀಸಾಗಿ ಕತ್ತರಿಸಿಕೊಳ್ಳುವ ವಸ್ತುವಿನಿಂದ ಕ್ಯಾಸೆಟ್ಟು ಮಾಡಿದವರು ತುಣುಕನ್ನು ಹೊರತೆಗೆದು ಮತ್ತೆ ಕೂರಿಸುವ ಇಡೀ ಹಂತವನ್ನೇ ಇಲ್ಲವಾಗಿಸಿದರು. ಅದು ಬರಿಯ ಪ್ಲಾಸ್ಟಿಕ್ಕಿನ ಬದಲಾವಣೆಯಲ್ಲ.

ಕೋನದ ವಿಷಯವೂ ಹಾಗೆಯೇ. ಹಳೆಯ ದಾಖಲೆಯ ಅಂಕಿಗೆ ಹತ್ತಿರವಿರುವ ಅಂಕಿಯನ್ನು ಆರಿಸಿದ್ದೀರಿ ಎಂದರೆ, ಆ ಅಂಕಿಯಲ್ಲೇ ಏನೋ ವಿಶೇಷ ನಡೆಯುತ್ತದೆ ಎಂದು ಪ್ರಯೋಗದಿಂದ ತೋರಿಸುವ ಹೊಣೆ ನಿಮ್ಮದು. ಮುದ್ರಣಯಂತ್ರದಲ್ಲಿ ಅಕ್ಷರ ಸ್ವಲ್ಪ ಚೆನ್ನಾಗಿ ಕಾಣುತ್ತದೆ ಎಂಬಷ್ಟರಿಂದ ಪರೀಕ್ಷಕರು ಒಪ್ಪುವುದು ಕಷ್ಟ.

ಪ್ರಶ್ನೆ: ಬೇರೆ ಬೇರೆ ಅಂಗಗಳ ಮಾದರಿಗೆ ಬೇರೆ ಬೇರೆ ಬಣ್ಣದ ಕ್ಯಾಸೆಟ್ಟು ಎಂಬ ನನ್ನ ವಿಚಾರಕ್ಕೆ ಪೇಟೆಂಟ್ ಕೇಳಬಹುದೇ?

ಉತ್ತರ: ಬೇಡ. ಬಣ್ಣ ಬಣ್ಣದ ಕ್ಯಾಸೆಟ್ಟುಗಳು ಮಾರುಕಟ್ಟೆಯಲ್ಲಿ ಬಹಳ ಕಾಲದಿಂದ ಇವೆ, ಮೇಲಾಗಿ ಬಣ್ಣಕ್ಕೆ ಅರ್ಥ ಹಚ್ಚುವುದನ್ನು ಯುರೋಪಿನಲ್ಲಿ ಮಾಹಿತಿಯ ನಿರೂಪಣೆ ಎಂದೇ, ಅಂದರೆ ತಾಂತ್ರಿಕ ಆವಿಷ್ಕಾರವಲ್ಲವೆಂದೇ ಎಣಿಸುತ್ತಾರೆ. ಕ್ಯಾಸೆಟ್ಟಿನ ಹೊರನೋಟ ನಿಜಕ್ಕೂ ಹೊಸದಾಗಿದ್ದರೆ ವಿನ್ಯಾಸದ ನೋಂದಣಿಯನ್ನು ಯೋಚಿಸಿ.

ಪ್ರಶ್ನೆ: ಅರ್ಜಿ ಹಾಕುವ ಮೊದಲು ನನ್ನ ಕ್ಯಾಸೆಟ್ಟುಗಳನ್ನು ಪರೀಕ್ಷಿಸಿ ನೋಡಲೆಂದು ಪರಿಚಯದ ಮೂರು ಪ್ರಯೋಗಾಲಯಗಳಿಗೆ ಕೊಟ್ಟಿದ್ದೆ. ಒಂದು ಸಮ್ಮೇಳನದಲ್ಲಿ ಭಿತ್ತಿಚಿತ್ರವನ್ನೂ ಪ್ರದರ್ಶಿಸಿದೆ. ಇದರಿಂದ ತೊಂದರೆಯಾಗುತ್ತದೆಯೇ?

ಉತ್ತರ: ಆಗುತ್ತದೆ, ಎಷ್ಟೆಂಬುದು ದೇಶವನ್ನು ಅವಲಂಬಿಸಿದೆ. ಸಮ್ಮೇಳನದಲ್ಲಿ ತೋರಿಸಿದ್ದು ಸಾರ್ವಜನಿಕವಾಯಿತು, ಅದರಲ್ಲಿ ಎರಡು ಮಾತಿಲ್ಲ. ಅಮೆರಿಕದಲ್ಲಿ ಆವಿಷ್ಕಾರಕರೇ ಬಹಿರಂಗಪಡಿಸಿದ್ದಕ್ಕೆ ಒಂದು ವರ್ಷದ ವಿನಾಯಿತಿ ಇದೆ; ಆ ವರ್ಷದೊಳಗೆ ಅಲ್ಲಿ ಅರ್ಜಿ ಹಾಕಿದ್ದರೆ ನಿಮ್ಮದೇ ಭಿತ್ತಿಚಿತ್ರ ನಿಮ್ಮ ಮೇಲೆ ತಿರುಗಿ ಬೀಳುವುದಿಲ್ಲ. ಯುರೋಪಿನಲ್ಲಿ ಅಂಥ ಸಾಮಾನ್ಯ ವಿನಾಯಿತಿ ಇಲ್ಲ. ಮೂರು ಪ್ರಯೋಗಾಲಯಗಳ ವಿಷಯದಲ್ಲಿ, ಗೋಪ್ಯವಾಗಿಡಬೇಕೆಂಬ ಒಪ್ಪಂದ ಇತ್ತೇ ಎಂಬುದೇ ಪ್ರಶ್ನೆ. ಬರವಣಿಗೆಯಲ್ಲಿ ಇಲ್ಲದಿದ್ದರೂ, ಕೊಟ್ಟ ಸಂದರ್ಭದಿಂದ ಗೋಪ್ಯತೆ ಅರ್ಥವಾಗುವಂತಿತ್ತು ಎಂದು ತೋರಿಸಲು ಸಾಧ್ಯವಾಗಬಹುದು, ಹಾಗಾಗಿ ಆಗಿನ ಪತ್ರಗಳನ್ನು ಅಳಿಸದೆ ಇಟ್ಟುಕೊಳ್ಳಿ.

ಮುಂದೆ ಹೀಗಾಗದಂತೆ, ಕೊಡುವ ಮುನ್ನ ಅರ್ಜಿ ಹಾಕುವುದನ್ನು ರೂಢಿ ಮಾಡಿಕೊಳ್ಳಿ. 1883ರ ಪ್ಯಾರಿಸ್ ಒಪ್ಪಂದದ ಪ್ರಕಾರ ಮೊದಲ ಅರ್ಜಿಯ ದಿನದಿಂದ 12 ತಿಂಗಳೊಳಗೆ ಬೇರೆ ಸದಸ್ಯ ದೇಶಗಳಲ್ಲಿ ಹಾಕುವ ಅರ್ಜಿಗಳಿಗೂ ಅದೇ ದಿನದ ಆದ್ಯತೆ ದೊರೆಯುತ್ತದೆ, ಅಂದರೆ ಹೊಸತನವನ್ನು ಅಳೆಯುವಾಗ ಅವನ್ನೂ ಆ ಮೊದಲ ದಿನವೇ ಹಾಕಿದಂತೆ ಎಣಿಸುತ್ತಾರೆ. ಆ 12 ತಿಂಗಳಲ್ಲಿ ಎಷ್ಟು ಪ್ರಯೋಗಾಲಯಗಳಿಗೆ ಬೇಕಾದರೂ ಕೊಟ್ಟು ನೋಡಬಹುದು. ಆದರೆ ಆ ಪರೀಕ್ಷೆಯಿಂದ ಕಲಿತು ಮಾಡಿದ ಸುಧಾರಣೆಗೆ ಮೊದಲ ದಿನದ ಆದ್ಯತೆ ಸಿಗುವುದಿಲ್ಲ ಎಂಬುದು ನೆನಪಿರಲಿ. ಸಾಮಾನ್ಯವಾಗಿ 18 ತಿಂಗಳ ಬಳಿಕ ಅರ್ಜಿ ಪ್ರಕಟವಾಗುತ್ತದೆ, ಆಮೇಲೆ ಅದೇ ಇತರರ ಪಾಲಿಗೆ ಹಳೆಯ ದಾಖಲೆ.

ಪ್ರಶ್ನೆ: ಕ್ಯಾಸೆಟ್ಟನ್ನು ರೋಗನಿರ್ಣಯಕ್ಕೆ ಬಳಸುವುದರಿಂದ ಅದಕ್ಕೆ ಪೇಟೆಂಟ್ ಸಿಗುವುದಿಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಹಲವು ದೇಶಗಳ ಕಾನೂನುಗಳು ಹೊರಗಿಟ್ಟಿರುವುದು ರೋಗಿಯ ಚಿಕಿತ್ಸೆಯ ಮತ್ತು ರೋಗನಿರ್ಣಯದ ವಿಧಾನಗಳನ್ನು. ಯುರೋಪಿನಲ್ಲಿ ದೇಹದ ಮೇಲೆಯೇ ನಡೆಸುವ ನಿರ್ಣಯ ವಿಧಾನಗಳಿಗೆ ಮಾತ್ರ ಆ ನಿಷೇಧ. ಕ್ಯಾಸೆಟ್ಟು ಒಂದು ಉಪಕರಣ, ಅದರೊಳಗಿನ ಅಂಗಾಂಶ ದೇಹದಿಂದ ಬೇರ್ಪಟ್ಟದ್ದು.

ಪ್ರಶ್ನೆ: ನನ್ನ ಅರ್ಜಿಯಲ್ಲಿ ಕ್ಯಾಸೆಟ್ಟೂ ಇದೆ, ಅದನ್ನು ಬಳಸಿ ಅಂಗಾಂಶವನ್ನು ಮೇಣದಲ್ಲಿ ಹುದುಗಿಸುವ ವಿಧಾನವೂ ಇದೆ, ಕ್ಯಾಸೆಟ್ಟುಗಳನ್ನು ಪೇರಿಸಿಡುವ ಚೌಕಟ್ಟೂ ಇದೆ. ಒಂದನ್ನು ಮಾತ್ರ ಆರಿಸಿಕೊಳ್ಳಿ ಎಂದು ಪರೀಕ್ಷಕರು ಹೇಳಿದ್ದಾರೆ. ಮೊದಲ ವರದಿಗೆ ಉತ್ತರ ಕೊಟ್ಟ ಮೇಲೂ ಕ್ಯಾಸೆಟ್ಟಿನ ಕೋರಿಕೆಯನ್ನು ಮತ್ತೆ ನಿರಾಕರಿಸಿದ್ದಾರೆ. ಇಲ್ಲಿಗೆ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ, ಆದರೆ ದಿನಗಳನ್ನು ಎಣಿಸಿಕೊಂಡು ಮುಂದುವರಿಯಿರಿ. ಒಂದು ಅರ್ಜಿಗೆ ಒಂದು ಆವಿಷ್ಕಾರ, ಇಲ್ಲವೇ ಒಂದೇ ಆವಿಷ್ಕಾರದ ಎಳೆಯಲ್ಲಿ ಪೋಣಿಸಿದ ಕೆಲವು, ಇದು ಎಲ್ಲ ಕಡೆಯ ನಿಯಮ. ಕ್ಯಾಸೆಟ್ಟು, ವಿಧಾನ, ಚೌಕಟ್ಟು ಮೂರರಲ್ಲೂ ಒಂದೇ ವಿಶೇಷ ಲಕ್ಷಣ ಇದ್ದರೆ ಒಟ್ಟಿಗೆ ಇಟ್ಟುಕೊಳ್ಳಬಹುದೆಂದು ಯುರೋಪಿನಲ್ಲಿಯೂ ಅಂತರರಾಷ್ಟ್ರೀಯ ಅರ್ಜಿಯಲ್ಲಿಯೂ ವಾದಿಸಬಹುದು. ಆ ಲಕ್ಷಣವೇ ಹಳೆಯದೆಂದು ತೀರ್ಮಾನವಾದರೆ ಪೋಣಿಸಿದ ದಾರ ಕಡಿಯುತ್ತದೆ. ಅಮೆರಿಕದಲ್ಲಿ ವಸ್ತುವನ್ನೂ ಅದನ್ನು ಬಳಸುವ ವಿಧಾನವನ್ನೂ ಬೇರ್ಪಡಿಸುವಂತೆ ಕೇಳುವುದು ಇನ್ನೂ ಸಾಮಾನ್ಯ. ನೀವು ವಿವರಿಸಿರುವಂತೆ ನಿಮ್ಮ ಚೌಕಟ್ಟಿಗೂ ಕ್ಯಾಸೆಟ್ಟಿಗೂ ಅಳತೆ ಹೊಂದುವುದರ ಹೊರತು ಬೇರೆ ನಂಟು ಕಾಣುವುದಿಲ್ಲವಾದ್ದರಿಂದ, ಚೌಕಟ್ಟನ್ನು ಬೇರೆ ಮಾಡುವುದೇ ಸರಿ.

ಎರಡನೆಯ ನಿರಾಕರಣೆಯನ್ನು ಕುರಿತು ನನ್ನ ಸಲಹೆ, ಮೊದಲು ಪರೀಕ್ಷಕರ ಜೊತೆ ನೇರವಾಗಿ ಮಾತನಾಡಲು ಅವಕಾಶ ಕೇಳಿ. ಬಹುತೇಕ ಕಚೇರಿಗಳಲ್ಲಿ ದೂರವಾಣಿ ಅಥವಾ ವೀಡಿಯೊ ಮೂಲಕ ಇದಕ್ಕೆ ಅವಕಾಶವಿದೆ, ನಾಲ್ಕು ಪುಟದ ಪತ್ರದಲ್ಲಿ ತಿಳಿಯಾಗದ ಗೊಂದಲ ಎಷ್ಟೋ ಸಲ ಅರ್ಧ ಗಂಟೆಯ ಮಾತಿನಲ್ಲಿ ತಿಳಿಯಾಗುತ್ತದೆ. ಮುಚ್ಚಳ ತೆರೆದ ಕ್ಯಾಸೆಟ್ಟಿನ ಚಿತ್ರವನ್ನೂ, ಅದರಿಂದ ತೆಗೆದ ಪದರದ ಚಿತ್ರವನ್ನೂ ಮುಂದಿಟ್ಟುಕೊಂಡು, ಯಾವ ಅಂಶ ಸೇರಿದರೆ ಒಪ್ಪುತ್ತೀರಿ ಎಂದು ನೇರವಾಗಿ ಕೇಳಿ. ಪರೀಕ್ಷಕರು ಎದುರಾಳಿಗಳಲ್ಲ, ಸರಿಯಾದ ಗಡಿಯನ್ನು ಹುಡುಕುವುದು ಅವರ ಕೆಲಸವೂ ಹೌದು. ಅದಾದ ಮೇಲೂ ಒಪ್ಪದಿದ್ದರೆ ಮೇಲ್ಮನವಿಯ ದಾರಿ ಇದ್ದೇ ಇದೆ. ಅಮೆರಿಕದಲ್ಲಿ ವರದಿಗೆ ಉತ್ತರಿಸಲು ಸಾಮಾನ್ಯವಾಗಿ ಮೂರು ತಿಂಗಳು, ಶುಲ್ಕ ಕಟ್ಟಿದರೆ ಹೆಚ್ಚೆಂದರೆ ಆರು. ಆ ಗಡುವು ಮೀರಿದರೆ ಅರ್ಜಿಯನ್ನು ಕೈಬಿಟ್ಟಂತೆಯೇ ಲೆಕ್ಕ. ಬೇರ್ಪಡಿಸಿದ ವಿಧಾನ ಮತ್ತು ಚೌಕಟ್ಟಿಗೆ ವಿಭಾಗಿತ ಅರ್ಜಿಯನ್ನು ಹಾಕಿದರೆ ಮೂಲ ಅರ್ಜಿಯ ದಿನವೇ ಅವಕ್ಕೂ ಸಿಗುತ್ತದೆ, ಆದರೆ ಮೂಲ ಅರ್ಜಿ ಜೀವಂತವಿರುವಾಗಲೇ ಅದನ್ನು ಹಾಕಬೇಕು. ಆದ್ದರಿಂದ ಕ್ಯಾಸೆಟ್ಟಿನ ಬಗ್ಗೆ ಮಾತುಕತೆ ಮುಗಿಯಲಿ ಎಂದು ಕಾಯದೆ, ಆ ಎರಡು ಅರ್ಜಿಗಳ ಕರಡನ್ನು ಈ ವಾರವೇ ಸಿದ್ಧಪಡಿಸಿಟ್ಟುಕೊಳ್ಳಿ.